ತಾಮ್ರದ ಪೈಪೂ ಬಚ್ಚಲಿನ ಬಾಡಿಗೆದಾರರೂ

ನೀರು ಯಾರ ಮಾತನ್ನೂ ಕೇಳುವುದಿಲ್ಲ, ನಮ್ಮ ನಲ್ಲಿ ಮೇಸ್ತ್ರಿಗಳ ಮಾತೊಂದನ್ನು ಬಿಟ್ಟು. ಇದು ಅವರೇ ಹೇಳಿದ್ದಾದ್ದರಿಂದ ಸುಳ್ಳಿರಲಾರದು. ಸ್ಪ್ಯಾನರ್ ಹಿಡಿದು ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗಳೆಲ್ಲ ಉಸಿರು ಬಿಗಿಹಿಡಿಯುತ್ತಿದ್ದವಂತೆ. ಮಹಡಿ ಹತ್ತಲಾರೆನೆಂದು ಹಟ ಹಿಡಿದ ನೀರನ್ನು ಒಮ್ಮೆ ಬರೀ ಗದರಿಸಿಯೇ ಹತ್ತಿಸಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕಂಡವರು ಯಾರೆಂದು ಕೇಳಿದರೆ ಮೇಸ್ತ್ರಿಗಳೇ ಕೈ ಎತ್ತುತ್ತಾರೆ.

ಅವರಿಗೆ ನಂಬಿಕೆ ಇದ್ದದ್ದು ತಾಮ್ರದಲ್ಲಿ ಮಾತ್ರ. ಪ್ಲಾಸ್ಟಿಕ್ ಪೈಪೆಂದರೆ ಮೂಗು ಮುರಿಯುತ್ತಿದ್ದರು. "ಅದೂ ಒಂದು ಪೈಪಾ? ಮಕ್ಕಳು ಜ್ಯೂಸ್ ಹೀರೋ ಕಡ್ಡಿ! ತಾಮ್ರ ಹಾಕಿಸ್ಕೊಳ್ಳಿ, ನೀವು ಹೋದ್ರೂ ಅದು ಹೋಗಲ್ಲ" ಎಂದು ಗಿರಾಕಿಗಳಿಗೆ ಭರವಸೆ ಕೊಡುತ್ತಿದ್ದರು. ಈ ಭರವಸೆಯಿಂದ ಗಿರಾಕಿಗಳಿಗೆ ಎಷ್ಟು ಸಮಾಧಾನವಾಗುತ್ತಿತ್ತೋ ತಿಳಿಯದು.

ಮೇಸ್ತ್ರಿಗಳ ಮನೆಯ ಹಜಾರದಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿಯೊಂದಿತ್ತು. ಅದರೊಳಗೆ ಮರಳು, ನಾಲ್ಕಾರು ಕಲ್ಲು, ಬಣ್ಣ ಹೋದ ಒಂದು ಆಟಿಕೆ ಕೋಟೆ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಕೋಡಂಗಿ ಮೀನು. ತೊಟ್ಟಿ ಮೇಸ್ತ್ರಿಗಳದ್ದು, ಮೀನು ಹೆಂಡತಿಯದು. ಆಕೆ ನೀರಿಗೆ ಬೆರಳಿಟ್ಟರೆ ಎರಡೂ ಓಡಿ ಬಂದು ಬೆರಳ ತುದಿಯಿಂದಲೇ ತಿನ್ನುತ್ತಿದ್ದವು. ಮೇಸ್ತ್ರಿಗಳು ಬೆರಳಿಟ್ಟರೆ ಕೋಟೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಕೋಟೆಗೆ ಬಾಗಿಲೇ ಇರಲಿಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಟ್ಟಿಕೊಂಡ ಬೇಸಿನ್ ಬಿಡಿಸಲು ಹೋದ ಮೇಸ್ತ್ರಿಗಳು ಅಲ್ಲಿ ಹವಳದ ತೊಟ್ಟಿ ಕಂಡರು. ಕಲ್ಲಿನ ಮೇಲೆ ಜೀವಂತ ಹವಳಗಳು ಹೂವಿನ ಹಾಗೆ ಅರಳಿ, ನೀರು ತೂಗಿದತ್ತ ತೂಗುತ್ತಿದ್ದವು. ಮೇಸ್ತ್ರಿಗಳು ಬಾಯಿ ಬಿಟ್ಟುಕೊಂಡು ಎಷ್ಟು ಹೊತ್ತು ನಿಂತರೆಂದರೆ, ಡಾಕ್ಟರು ಅಷ್ಟರಲ್ಲಿ ಅವರ ಎರಡು ಹುಳುಕು ಹಲ್ಲು ಪತ್ತೆ ಮಾಡಿ ಮುಗಿಸಿದ್ದರು.

"ನಮ್ಮ ತೊಟ್ಟೀಲೂ ಹವಳ ಬೆಳೆಸೋಣ ಕಣೇ" ಎಂದರು ಮನೆಗೆ ಬಂದು.

"ಬೆಳೆಸಿ. ನನ್ನ ಮೀನಿನ ತಂಟೆಗೆ ಬರಬೇಡಿ" ಎಂದಳು ಹೆಂಡತಿ.

ಬರದೆ ಉಪಾಯವಿರಲಿಲ್ಲ. ಅಲಂಕಾರದ ಮೀನಿನ ಅಂಗಡಿ ಇಟ್ಟಿದ್ದ ಆಕೆಯ ತಮ್ಮ ಹೇಳಿದ್ದಿಷ್ಟು: ಹಳೆ ಮರಳು, ಹಳೆ ಕಲ್ಲು ಎಲ್ಲ ಆಚೆ ಹೋಗಬೇಕು. ಹೊಸ ಕಲ್ಲು ಜೋಡಿಸಿ, ಹೊಸ ಉಪ್ಪುನೀರು ತುಂಬಿ, ನೀರು ಹದಕ್ಕೆ ಬರುವ ತನಕ ವಾರಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಮೀನು ಬೇರೆ ಕಡೆ ಇರಬೇಕು.

"ಬೇರೆ ಕಡೆ ಅಂದ್ರೆ?"

"ಬಚ್ಚಲಲ್ಲಿ. ದೊಡ್ಡ ಡ್ರಮ್ಮು, ಹೀಟರು, ಗಾಳಿ ಬಿಡೋ ಪಂಪು, ಎಲ್ಲಾ ಇಡ್ತೀನಿ. ಹವಳದ ಅರಮನೆ ಕಟ್ಟಿ ವಾಪಸ್ ಕರ್ಕೊಂಡ್ ಬರ್ತೀನಿ, ನೋಡ್ತಿರು" ಎಂದರು ಮೇಸ್ತ್ರಿಗಳು.

"ನೋಡ್ತೀನಿ" ಎಂದಳಾಕೆ. ಆ ಒಂದು ಮಾತಿನಲ್ಲಿ ಕೋರ್ಟಿನ ವಾರಂಟಿನಷ್ಟು ತೂಕವಿತ್ತು.

ಹಳೆ ಮರಳಿಗೆ ಕೈ ಹಾಕಿದ ಕ್ಷಣ ಅದರಡಿಯಿಂದ ಎದ್ದ ಕೊಳೆತ ಮೊಟ್ಟೆಯ ವಾಸನೆಗೆ ಗೋಡೆ ಗಡಿಯಾರ ನಿಂತುಹೋಯಿತು. ಬೀದಿ ನಾಯಿಗಳು ಸಭೆ ಸೇರಿ ಊರು ಬಿಡುವ ತೀರ್ಮಾನಕ್ಕೆ ಬಂದವು. ಮೇಸ್ತ್ರಿಗಳು ಮಾತ್ರ ಮೂಗಿಗೆ ಟವೆಲ್ ಬಿಗಿದುಕೊಂಡು ಎಲ್ಲವನ್ನೂ ಬಳಿದು, ತೊಳೆದು, ಹೊಸ ಕಲ್ಲುಗಳನ್ನು ಗುಡ್ಡದ ಹಾಗೆ ಪೇರಿಸಿದರು. ಉಳಿದದ್ದು ಪೈಪಿನ ಕೆಲಸ. ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಪಂಪು. ಅದು ಸೋಸಿದ ನೀರನ್ನು ಮೇಲಕ್ಕೆ ತಳ್ಳಬೇಕು. ಪಂಪಿನ ಜೊತೆಗೆ ಭಾವಮೈದುನ ಪ್ಲಾಸ್ಟಿಕ್ ಪೈಪನ್ನೂ ಕಳಿಸಿದ್ದ. ಮೇಸ್ತ್ರಿಗಳು ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಮೂಲೆಗೆಸೆದರು. ಊರವರ ಮನೆಗೆಲ್ಲ ತಾಮ್ರ ಹಾಕಿದ ಕೈ ಸ್ವಂತ ಮನೆಗೆ ಕಡ್ಡಿ ಹಾಕುವುದೇ? ಅಳತೆ ಮಾಡಿ, ಬಗ್ಗಿಸಿ, ಬೆಸೆದು, ಹಿತ್ತಾಳೆಯ ವಾಲ್ವ್ ಕೂರಿಸಿ, ಹುಣಸೆಹಣ್ಣು ಹಾಕಿ ಉಜ್ಜಿದರು. ಆ ಹೊಳಪಿಗೆ ಎದುರುಮನೆಯವರು ಹಗಲಲ್ಲೇ ಕಿಟಕಿ ಪರದೆ ಎಳೆದುಕೊಂಡರು.

ಇತ್ತ ಬಚ್ಚಲಿನಲ್ಲಿ ಬೇರೆಯೇ ಕಥೆ. ಮನೆಯಲ್ಲಿ ಅತ್ತೆಯವರಿದ್ದರು, ಹೆಂಡತಿಗೂ ಅಂಗಡಿಯ ಭಾವಮೈದುನನಿಗೂ ತಾಯಿ. ಮೊದಲ ದಿನವೇ ಅವರು ಸೋಪಿನ ಡಬ್ಬಿ ಹಿಡಿದು ಹಾಗೇ ಹೊರಗೆ ಬಂದರು.

"ಅಳಿಯಂದ್ರೇ, ಆ ಮೀನು ಗಂಡೋ ಹೆಣ್ಣೋ?"

"ದೊಡ್ಡದು ಹೆಣ್ಣು, ಚಿಕ್ಕದು ಗಂಡು ಅತ್ತೆ."

"ಕಣ್ಣು ಮಿಟುಕಿಸದೆ ನೋಡ್ತಾ ಇದೆ. ಚಿಕ್ಕದನ್ನ ಆಚೆ ಇಡಿ."

"ಒಂದೇ ಬಿಟ್ರೆ ಕಂಗೆಡ್ತಾವೆ ಅತ್ತೆ. ಅಲ್ದೆ ದೊಡ್ಡದು ಇಲ್ಲದಿದ್ರೆ ಚಿಕ್ಕದೇ ನಿಧಾನಕ್ಕೆ ಹೆಣ್ಣಾಗಿಬಿಡುತ್ತೆ. ಆ ಜಾತಿಯೇ ಹಾಗೆ."

"ಅದು ಹೆಣ್ಣಾಗೋ ತನಕ ನಾನು ಮೈ ತೊಳೀದೆ ಕೂತಿರ್ಲಾ?"

ಮರುದಿನದಿಂದ ಅತ್ತೆಯವರು ಹೆಗಲಿಗೆ ಟವೆಲ್ಲು, ಕೈಗೆ ಬಕೆಟ್ಟು ಹಿಡಿದು ಪಕ್ಕದ ಮನೆಗೆ ಸ್ನಾನಕ್ಕೆ ಹೊರಟರು. ಸೀದಾ ಹೋಗಲಿಲ್ಲ, ಬೀದಿ ಪೂರ್ತಿ ಸುತ್ತಿಕೊಂಡೇ ಹೋದರು. "ಏನಜ್ಜೀ, ಮೇಸ್ತ್ರಿ ಮನೇಲೇ ನೀರಿಲ್ವಾ?" ಎಂದು ಯಾರೋ ಕೇಳಿದರೆ, "ನೀರಿದೆ ಕಣಮ್ಮಾ, ಬಚ್ಚಲನ್ನ ಬಾಡಿಗೆಗೆ ಕೊಟ್ಟುಬಿಟ್ಟಿದ್ದೀವಿ" ಎಂದರು. ಮೇಸ್ತ್ರಿಗಳು ಅಂದಿನಿಂದ ಕೆಲಸಕ್ಕೆ ಹಿಂದಿನ ಓಣಿಯಲ್ಲಿ ಹೋಗತೊಡಗಿದರು.

ಅಂತೂ ನೀರು ಹದಕ್ಕೆ ಬಂತು. ಪಾಚಿ ತಿನ್ನುವ ಒಂದು ಹಿಡಿ ಬಸವನಹುಳುಗಳನ್ನೂ ಅಂಗೈಯಗಲದ ಒಂದು ಹವಳವನ್ನೂ ತಂದು ಬಿಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಬಸವನಹುಳುಗಳು ಅಂಗಾತ ಬಿದ್ದಿದ್ದವು. ಹವಳ ಮುಷ್ಟಿ ಬಿಗಿದ ಕೈಯಂತೆ ಮುದುಡಿತ್ತು. ಎರಡನೇ ಸಲ ತಂದವೂ ಅದೇ ದಾರಿ ಹಿಡಿದವು. ಮೇಸ್ತ್ರಿಗಳು ಉಪ್ಪನ್ನು ಬೈದರು, ಬಲ್ಬನ್ನು ಬೈದರು, ಸತ್ತ ಹುಳುಗಳಿಗೇ ಬದುಕುವ ಛಲ ಸಾಲದೆಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಸುದ್ದಿ ಭಾವಮೈದುನನ ಕಿವಿಗೂ ಬಿತ್ತು. "ಅಕ್ಕಾ, ಮೀನು ಎಷ್ಟೂಂತ ಡ್ರಮ್ಮಲ್ಲಿರುತ್ತೆ? ತಿಂಗಳ ಕೊನೇ ಭಾನುವಾರ ಬರ್ತೀನಿ. ಭಾವನ ತೊಟ್ಟಿ ಆಗಿರದಿದ್ರೆ ಅಂಗಡಿಗೆ ತಗೊಂಡು ಹೋಗ್ತೀನಿ. ಒಳ್ಳೆ ಜೋಡಿ, ಬೇಗ ಯಾರಾದ್ರೂ ತಗೋತಾರೆ" ಎಂದ ಫೋನಿನಲ್ಲಿ.

ಹೆಂಡತಿ ಫೋನ್ ಇಟ್ಟು ಗಂಡನ ಕಡೆ ತಿರುಗಿದಳು. ಆಕೆಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನನ್ನ ಮೀನು ಈ ಮನೆಯಿಂದ ಇನ್ನೊಂದು ಮನೆಗೆ ಮಾರಾಟವಾದ್ರೆ, ಅರಮನೇಲಿ ನಿಮ್ಮ ಪೈಪುಗಳನ್ನೇ ಸಾಕ್ಕೊಳ್ಳಿ. ಅವಕ್ಕೇ ಕಾಳು ಹಾಕಿ."

ಮೇಸ್ತ್ರಿಗಳು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೀನು ಹೋದರೆ ಈಕೆ ಇನ್ನು ಯಾವ ನೀರಿಗೂ ಬೆರಳಿಡುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು. ಯೋಚಿಸುತ್ತ ಪೈಪಿನ ಮೇಲೆ ಕೈಯಾಡಿಸಿದರು. ಅಂಗೈ ಹಸಿರಾಯಿತು. ಬೆಸುಗೆಯ ಸಂದಿಯಲ್ಲೆಲ್ಲ ಕಿಲುಬು ಹಿಡಿದು, ನೀರಿಗೆ ಮುಳುಗಿದ ತುದಿಯಂತೂ ಪಾಚಿಗಟ್ಟಿದ ಮೆಟ್ಟಿಲಾಗಿತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ತಾಮ್ರದ ಮೇಲೆ ಅನುಮಾನ ಬಂತು.

ನೇರ ಕೇಳುವುದಾದರೂ ಹೇಗೆ? ಅಂಗಡಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ನನ್ನ ಗಿರಾಕಿ ಒಬ್ಬ ಇದ್ದಾನಪ್ಪ..." ಎಂದು ಶುರುಮಾಡಿದರು. "ಹವಳದ ತೊಟ್ಟಿಗೆ ತಾಮ್ರದ ಪೈಪ್ ಹಾಕಿದ್ದಾನೆ. ತೊಂದ್ರೆ ಏನಿಲ್ಲ ಅಲ್ವಾ?"

ಭಾವಮೈದುನ ಕೈಲಿದ್ದ ಬಲೆ ಕೆಳಗಿಟ್ಟ. "ತಾಮ್ರನಾ! ಹುಳಕ್ಕೂ ಹವಳಕ್ಕೂ ಅದು ವಿಷ ಭಾವ. ಉಪ್ಪುನೀರು ಅದನ್ನ ಕರಗಿಸುತ್ತೆ, ಕಲ್ಲು ಕುಡಿಯುತ್ತೆ. ಆ ಕಲ್ಲನ್ನೂ ಎಸೀಬೇಕು. ಅಷ್ಟೊಂದು ದಡ್ಡ ಯಾರು? ಪ್ಲಂಬರ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿಗಳು ಹಸಿರು ಅಂಗೈಯನ್ನು ಜೇಬಿಗೆ ತುರುಕಿದರು. "ಛೆ ಛೆ, ಪ್ಲಂಬರ್ ಅಲ್ಲ. ಬಡಗಿ."

"ಬಡಗಿ! ತಲೇಲಿ ಮರದ ಹೊಟ್ಟು ತುಂಬಿರಬೇಕು."

"ತುಂಬಿದೆ" ಎಂದರು ಮೇಸ್ತ್ರಿಗಳು ನೆಲ ನೋಡುತ್ತ.

"ಪೂರಾ ಪೆದ್ದ ಅನ್ನಿ."

"ಅನ್ನೋದೇನು, ಪೆದ್ದನೇ."

ಇನ್ನೂ ನಾಲ್ಕು ಬೈಗುಳ ಬಡಗಿಯ ಲೆಕ್ಕಕ್ಕೆ ಜಮಾ ಮಾಡಿಸಿಕೊಂಡ ಮೇಲೆ, ಭಾವಮೈದುನ ತನ್ನ ತೊಟ್ಟಿಯಲ್ಲೇ ಹಳಗಿದ ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟ. "ಇವು ಆಗಲೇ ಹದವಾಗಿರೋವು, ಮತ್ತೆ ವಾರಗಟ್ಟಲೆ ಕಾಯೋದು ಬೇಡ. ಆ ಬಡಗಿಗೆ ಹೇಳಿ" ಎಂದ, ನಗದೆ. ನಗದೆ ಇದ್ದುದೇ ಮೇಸ್ತ್ರಿಗಳಿಗೆ ಚುಚ್ಚಿತು.

ಮನೆಗೆ ಬಂದವರೇ ತೊಟ್ಟಿ ಬರಿದು ಮಾಡಿ, ತಮ್ಮ ಕೈಯಾರೆ ಬೆಸೆದ ತಾಮ್ರವನ್ನು ತಮ್ಮ ಕೈಯಾರೆ ಕತ್ತರಿಸಿದರು. ಕಲ್ಲು, ಮರಳು, ನೀರು ಎಲ್ಲ ಹೊಸದು. ಪಂಪನ್ನೂ ಬಿಡದೆ ಬದಲಾಯಿಸಿದರು. ಆಮೇಲೆ ಮಂಚದ ಕೆಳಗೆ, ಅಟ್ಟದ ಮೇಲೆ, ಬಾಗಿಲ ಸಂದಿಯಲ್ಲಿ ಏನನ್ನೋ ತಡಕಾಡತೊಡಗಿದರು.

"ಹುಡುಕ್ತಿರೋದು ಇದನ್ನೇನ್ರೀ?" ಹೆಂಡತಿ ಪ್ಲಾಸ್ಟಿಕ್ ಪೈಪು ಹಿಡಿದು ನಿಂತಿದ್ದಳು. ಅದನ್ನು ಒರೆಸಿ ಎತ್ತಿಟ್ಟಿದ್ದಳು, ಪುಣ್ಯಾತ್ಗಿತ್ತಿ.

ಈ ಸಲ ಬಿಟ್ಟ ಬಸವನಹುಳುಗಳು ಅಂಗಾತ ಬೀಳಲಿಲ್ಲ. ಗಾಜು ಹತ್ತಿ, ಮನೆ ನೋಡಲು ಬಂದ ನೆಂಟರ ಹಾಗೆ ಮೂಲೆ ಮೂಲೆ ಪರೀಕ್ಷೆ ಮಾಡಿದವು. ಅವುಗಳ ಜೊತೆ ತಂದ ಹೊಸ ಹವಳ ಮೊದಲು ಒಂದು ಬೆರಳು, ಆಮೇಲೆ ಇನ್ನೊಂದು ಬೆರಳು ಬಿಚ್ಚಿತು. ಅತ್ತೆಯವರ ಬಕೆಟ್ಟು ಮಾತ್ರ ಇನ್ನೂ ಬೀದಿ ಸುತ್ತುತ್ತಲೇ ಇತ್ತು.

ಭಾನುವಾರ ಭಾವಮೈದುನ ಮೀನು ಒಯ್ಯುವ ಚೀಲ ಹಿಡಿದು ಬರುವ ಹೊತ್ತಿಗೆ ಎರಡೂ ಮೀನು ತೊಟ್ಟಿಯಲ್ಲಿದ್ದವು. ಆದರೆ ಕಲ್ಲಿನ ಹಿಂದೆ ಅಡಗಿದ್ದವು ಹೊರಬರಲಿಲ್ಲ. ಹೆಂಡತಿ ಮೆಲ್ಲಗೆ ನೀರಿಗೆ ಬೆರಳಿಟ್ಟಳು. ಮೊದಲು ದೊಡ್ಡದು ಮೂತಿ ತೋರಿಸಿತು, ಅದರ ಬೆನ್ನಿಗೆ ಚಿಕ್ಕದು. ಎರಡೂ ಅರಳಿದ ಹವಳವನ್ನು ಸವರಿಕೊಂಡು ಬಂದು ಬೆರಳಿಗೆ ಮುತ್ತಿದವು. ಆಕೆ ನಕ್ಕಳು. ಮೇಸ್ತ್ರಿಗಳು ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟ ರಭಸಕ್ಕೆ ಕ್ಯಾಲೆಂಡರಿನ ಹಾಳೆ ಮುಂದಿನ ತಿಂಗಳಿಗೆ ಮಗುಚಿತು.

ಆಗಲೇ ಅತ್ತೆಯವರು ಸ್ವಂತ ಬಚ್ಚಲಿನಲ್ಲಿ ಮನದಣಿಯೆ ಮಿಂದು, ತಲೆ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದರು. ಭಾವಮೈದುನನ ಕಣ್ಣು ಪ್ಲಾಸ್ಟಿಕ್ ಪೈಪಿನ ಮೇಲೆ ಬಿತ್ತು. ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ: "ಭಾವಾ, ನಿಮ್ಮ ಆ ಪೆದ್ದ ಬಡಗಿ ಹೇಗಿದ್ದಾನೆ?"

"ಚೆನ್ನಾಗಿದ್ದಾನಪ್ಪ" ಎಂದರು ಮೇಸ್ತ್ರಿಗಳು, ಪೈಪಿನ ಮೇಲಿನ ಇಲ್ಲದ ಧೂಳು ಒರೆಸುತ್ತ. "ಆದ್ರೆ ಇನ್ನೊಂದ್ಸಲ ಯಾರಾದ್ರೂ ಅವನ ಸುದ್ದಿ ಎತ್ತಿದ್ರೆ, ಡ್ರಮ್ಮನ್ನ ಮತ್ತೆ ಬಚ್ಚಲಿಗೆ ತಂದಿಡ್ತಾನಂತೆ. ಆಗ ಅವನ ಅತ್ತೆ ಸ್ನಾನಕ್ಕೆ ಹೋಗೋದು ಪಕ್ಕದ ಮನೆಗಲ್ಲ, ಮಗನ ಮನೆಗೆ. ಹಾಸಿಗೆ ಸಮೇತ!"