ಗಂಡಸಿ ಹುಡುಗಿಯರ ಕೊನೆಯ ಟೈಮ್‌ಔಟ್

ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ನಿವೃತ್ತಳಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಪ್ರೌಢಶಾಲಾ ಬಾಲಕಿಯರ ಜಿಲ್ಲಾ ಮಟ್ಟದ ಕಬಡ್ಡಿ ಫೈನಲ್ ಅರಸೀಕೆರೆಯಲ್ಲಿ ನಡೆಯಿತು. ನಾನು ರೆಫರಿ. ಒಂದು ಕಡೆ ಅದೇ ತಾಲ್ಲೂಕಿನ ಗಂಡಸಿಯ ಹುಡುಗಿಯರು, ಇನ್ನೊಂದು ಕಡೆ ಬೇಲೂರು ತಾಲ್ಲೂಕಿನ ಮಾದಿಹಳ್ಳಿಯವರು. ಮೈದಾನಕ್ಕಿಳಿದರೆ ನನ್ನ ಬಾಯಿ ಜೋರು, ಸೀಟಿ ಕೈಗೆ ಬಂದ ಮೇಲೆ ನೆಂಟರಿಲ್ಲ ಇಷ್ಟರಿಲ್ಲ. ಇದು ಎಲ್ಲ ಪಿ.ಟಿ. ಮೇಷ್ಟ್ರುಗಳಿಗೂ ಗೊತ್ತಿತ್ತು.

ಆಟಕ್ಕೆ ಮುಂಚೆ ಎಲ್ಲರ ಉಗುರು ನೋಡುವುದು ರೆಫರಿಯ ಕೆಲಸ. ಉದ್ದ ಉಗುರಿದ್ದರೆ ಎದುರಾಳಿಯ ಚರ್ಮ ಕಿತ್ತು ಬರುತ್ತದೆ. ಗಂಡಸಿಯ ನಾಯಕಿ ಪವಿತ್ರ ಕೈ ಚಾಚಿ ನಿಂತು, ಕೇಳದಿದ್ದರೂ ಹೇಳಿದಳು: “ಮಿಸ್, ಇವತ್ತು ಗೆದ್ರೆ ನಾನು ಕಾಲೇಜಿಗೆ ಹೋಯ್ತೀನಿ.” ಅವಳದು ಹತ್ತನೇ ತರಗತಿ. ಮನೆಯಲ್ಲಿ ಮುಂದಕ್ಕೆ ಓದಿಸುವುದಿಲ್ಲ ಎಂದು ಹೇಳಿ ಆಗಿತ್ತು. ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ, ಅಲ್ಲಿಗೆ ಕ್ರೀಡಾ ಹಾಸ್ಟೆಲಿನ ಆಯ್ಕೆದಾರರು ಬರುತ್ತಾರೆ. ಹಾಸ್ಟೆಲಿಗೆ ಸೇರಿದರೆ ಊಟ, ವಸತಿ, ಓದು ಎಲ್ಲವೂ ಅಲ್ಲೇ. ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಕಬಡ್ಡಿ ನೋಡದವರಿಗಾಗಿ ಒಂದು ನಿಯಮ ಹೇಳಬೇಕು. ಆಟದ ಪ್ರತಿ ಅರ್ಧದಲ್ಲಿ ಒಂದು ತಂಡ ಎರಡು ಸಲ ಟೈಮ್‌ಔಟ್ ಕೇಳಬಹುದು, ಒಂದೊಂದೂ ಅರ್ಧ ನಿಮಿಷ. ಅಷ್ಟು ಹೊತ್ತು ಗಡಿಯಾರ ನಿಲ್ಲುತ್ತದೆ. ಹುಡುಗಿಯರು ಅಂಕಣ ಬಿಟ್ಟು ಹೊರಗೆ ಕಾಲಿಡುವಂತಿಲ್ಲ, ಕೋಚ್ ಗೆರೆಯಾಚೆ ನಿಂತೇ ಬುದ್ಧಿ ಹೇಳಬೇಕು. ಯಾರಿಗಾದರೂ ಪೆಟ್ಟಾದಾಗ ರೆಫರಿ ತಾನಾಗಿ ಆಟ ನಿಲ್ಲಿಸಿದರೆ ಅದು ಯಾವ ತಂಡದ ಲೆಕ್ಕಕ್ಕೂ ಸೇರುವುದಿಲ್ಲ.

ಎರಡನೆಯ ಅರ್ಧ ಶುರುವಾದಾಗ ಗಂಡಸಿಯ ಹುಡುಗಿಯರು ತಡಬಡಾಯಿಸಿದರು. ಅವರ ಕೋಚ್ ಶಿವಣ್ಣ ಮೇಷ್ಟ್ರು ಒಂದು ಟೈಮ್‌ಔಟ್ ತೆಗೆದುಕೊಂಡು ಸರಿಮಾಡಿದರು. ಒಳ್ಳೆಯ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಆಟ ಅವರ ಕಡೆ ವಾಲಿ, ಎರಡು ಅಂಕ ಮುಂದಿದ್ದರು. ಅಷ್ಟರಲ್ಲಿ ಮಠದ ಸ್ವಾಮಿಗಳ ಕಾರು ಮೈದಾನದ ಅಂಚಿಗೆ ಬಂತು. ಬಹುಮಾನ ವಿತರಣೆಗೆಂದು ಕರೆಸಿದ್ದರು, ಬೇಗ ಬಂದುಬಿಟ್ಟರು. ಜನ ಎದ್ದು ನಿಂತರು. ಮೈಕಿನಲ್ಲಿ ಸ್ವಾಗತ ಶುರುವಾಯಿತು.

ಶಿವಣ್ಣ ಮೇಷ್ಟ್ರು ಎರಡೂ ಕೈ ಎತ್ತಿ ಟೈಮ್‌ಔಟ್ ಸನ್ನೆ ಮಾಡಿದರು.

“ಬುದ್ಧಿಯೋರು ಬಂದವ್ರೆ ಮೇಡಂ. ಮಕ್ಳು ಪಾದಕ್ಕೆ ಬಿದ್ಬುಡ್ಲಿ.”

“ಇದು ನಿಮ್ಮ ಕೊನೇದು ಮೇಷ್ಟ್ರೇ. ಆಟ ಇನ್ನೂ ಐತೆ.”

“ಬುದ್ಧಿಯೋರ ಮುಂದೆ ಟೈಮ್ ಲೆಕ್ಕ ಹಾಕಕ್ಕಾಯ್ತದಾ ಮೇಡಂ?”

ಸ್ವಾಮಿಗಳೇ ದೂರದಿಂದ “ಆಡ್ಲಿ ಬಿಡ್ರಪ್ಪಾ, ಆಮ್ಯಾಕೆ ಬರ್ಲಿ” ಎಂದರು. ಮೈಕಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕೋಚ್ ಕೇಳಿದ ಮೇಲೆ ಕೊಡಲೇಬೇಕು, ಸೀಟಿ ಊದಿದೆ. ಗೆರೆ ದಾಟಿದರೆ ಎದುರಾಳಿಗೆ ಅಂಕ ಕೊಡುತ್ತೇನೆ ಎಂದು ಗದರಿದೆ. ಸ್ವಾಮಿಗಳೇ ಗೆರೆಯ ಹತ್ತಿರ ಬಂದರು. ಏಳು ಹುಡುಗಿಯರೂ ಒಳಗಿನಿಂದಲೇ ಬಗ್ಗಿದರು, ಅವರು ಆಚೆಯಿಂದ ಕೈ ಚಾಚಿ ಒಬ್ಬೊಬ್ಬರಿಗೂ ವಿಭೂತಿ ಇಟ್ಟು ಮೆಲ್ಲಗೆ ಏನೋ ಹೇಳಿದರು. ಅರ್ಧ ನಿಮಿಷ ಅದರಲ್ಲೇ ಮುಗಿಯಿತು. ಮಾದಿಹಳ್ಳಿಯ ಕೋಚ್ ಆ ಹೊತ್ತಿನಲ್ಲಿ ತನ್ನ ಹುಡುಗಿಯರನ್ನು ಕರೆದು, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಪಾಠ ಮಾಡುತ್ತಿದ್ದರು.

ಅಲ್ಲಿಂದ ಆಟ ಕೈತಪ್ಪಿತು. ಮಾದಿಹಳ್ಳಿಯವರು ಒಂದೊಂದೇ ಅಂಕ ಕಿತ್ತು, ಕೊನೆಯ ನಿಮಿಷಕ್ಕೆ ಒಂದು ಅಂಕ ಮುಂದಾದರು. ಗಡಿಯಾರವೂ ಅಂಕದ ಪಟ್ಟಿಯೂ ಇದ್ದದ್ದು ಮೇಜಿನ ಮೇಲೆ, ಆಡುವವರಿಗೆ ಕಾಣುವುದಿಲ್ಲ. ಎಷ್ಟು ಹೊತ್ತು ಉಳಿದಿದೆ, ಯಾರು ಮುಂದಿದ್ದಾರೆ, ಈಗ ಏನು ಮಾಡಬೇಕು ಎಂದು ಯಾರಾದರೂ ಹೇಳಬೇಕಿತ್ತು. ಪವಿತ್ರ ನನ್ನ ಕಡೆ ತಿರುಗಿ ಟೈಮ್‌ಔಟ್ ಸನ್ನೆ ಮಾಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ಮಾಡಿದಳು.

“ಇಲ್ಲ ಕಣಮ್ಮ, ಮುಗಿದಿದೆ. ಆಡು!”

ಮಾದಿಹಳ್ಳಿಯ ದಾಳಿಗಾರ್ತಿ ಒಳಗೆ ಬಂದಳು. ದಾಟಬೇಕಾದ ಗೆರೆ ದಾಟಿ, ಹಿಂದೆ ಸರಿದು, ನಡುಗೆರೆಯ ಹತ್ತಿರವೇ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಹೊತ್ತು ಕಳೆದಳು. ಮುನ್ನುಗ್ಗಿ ಹಿಡಿದಿದ್ದರೆ ಅಂಕ ಸಮವಾಗುತ್ತಿತ್ತು. ಆದರೆ ಗಂಡಸಿಯವರು ಗೆಲ್ಲುತ್ತಿರುವವರ ಹಾಗೆ ಹಿಂದೆ ಹಿಂದೆಯೇ ನಿಂತರು. ಶಿವಣ್ಣ ಮೇಷ್ಟ್ರು “ಹಿಡೀರೇ, ಹಿಡೀರೇ” ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮೈಕಿನಲ್ಲಿ ಹಾರ ಹಾಕುವವರ ಹೆಸರು ಕೂಗುತ್ತಿದ್ದರು. ರೆಫರಿ ಬಾಯಿ ಬಿಡುವಂತಿಲ್ಲ. ಸಮಯ ಮುಗಿಯಿತು. ಸೀಟಿ ಊದಿದೆ.

ಪವಿತ್ರ ಅಳಲಿಲ್ಲ, ನನ್ನ ಹತ್ತಿರ ಬಂದಳು. “ಅದು ಪಾದಕ್ ಬಿದ್ದಿದ್ದು ಮಿಸ್. ಆಟಕ್ ತಗೊಂಡಿದ್ದಲ್ಲ.”

ಶಿವಣ್ಣ ಮೇಷ್ಟ್ರ ಮುಖ ಬಿಳುಚಿಕೊಂಡಿತ್ತು. “ಅದ್ನ ನೀವೇ ನಿಲ್ಸಿದ್ದು ಅಂತ ಮಾಡ್ಕಳಿ ಮೇಡಂ. ಒಂದೇ ಒಂದು ರೈಡ್ ಆಡ್ಲಿ. ಮಗೀಗೆ ಇದೇ ಕೊನೇ ವರ್ಷ.”

“ನೀವು ಕೈ ಎತ್ತಿದ್ದನ್ನ ಇಡೀ ಮೈದಾನ ನೋಡೈತೆ ಮೇಷ್ಟ್ರೇ. ಆ ಕಡೆ ನಿಂತಿರೋವೂ ಮಕ್ಕಳೇ ಅಲ್ವಾ?”

ಅಂದು ಬೇರೆ ತೀರ್ಪು ಕೊಡಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕೊಡಲಾಗುತ್ತಿರಲಿಲ್ಲ. ಆ ಖಚಿತತೆಯಿಂದ ನನಗೆ ಯಾವ ಸಮಾಧಾನವೂ ಸಿಕ್ಕಿಲ್ಲ.

ಮರುವರ್ಷ ಕಾಲೇಜು ಶುರುವಾದ ಮೇಲೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಪವಿತ್ರ ಕಂಡಳು. ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಸೇರಿದ್ದಳು. ನನ್ನ ಮೇಲೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವತ್ತು ಯಾಕೆ ಹಿಡಿಯಲಿಲ್ಲ ಎಂದು ಕೇಳಿಯೇಬಿಟ್ಟೆ.

“ಬುದ್ಧಿಯೋರು ವಿಭೂತಿ ಇಡುವಾಗ ‘ಗೆಲ್ತೀರಿ ಹೋಗ್ರವ್ವಾ’ ಅಂದಿದ್ರು ಮಿಸ್. ಅದ್ಕೇ ನಾವೇ ಮುಂದಿದ್ದೀವಿ ಅನ್ಕಂಡು ನಿಂತಿದ್ವಿ.”

ಅವಳ ಬಸ್ಸು ಬಂತು, ಹತ್ತಿ ಹೋದಳು. ರೆಫರಿಯಾದವಳು ಹೊತ್ತು ಅಳೆಯಬಲ್ಲಳು, ಒಂದು ಕ್ಷಣವನ್ನೂ ಯಾರಿಗೂ ಕೊಡಲಾರಳು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಅದು. ಕಲಿತದ್ದರಿಂದ ಆ ಹುಡುಗಿಗೆ ಏನೂ ಪ್ರಯೋಜನವಾಗಲಿಲ್ಲ.