ಕಾಯಿನ್ ಬಾಕ್ಸ್ ಮುಂದೆ ಅವ್ವನ ಗುಟ್ಟಿನ ಮಾತು

ಗೆಳೆಯರೇ, ಇವತ್ತು ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಕಾಯಿನ್ ಬಾಕ್ಸ್ ಮುಂದೆ ನನ್ನ ಮಾನ ಹರಾಜಾಯಿತು. ನನ್ನಂಥ ಟ್ರಾನ್ಸ್‌ಜೆಂಡರ್‌ಗಳಿಗೂ ಮನೆಯವರಿಗೂ ನೆರವಾಗುವ ಬೆಂಗಳೂರಿನ ಸಂಸ್ಥೆಯೊಂದರ ನಂಬರ್ ಸಿಕ್ಕಿತ್ತು. "ನಾನೇ ಮಾತಾಡ್ತೀನಿ" ಎಂದು ಅವ್ವ ಫೋನ್ ಕಿತ್ತುಕೊಂಡಳು. ಬೆಂಗಳೂರು ದೂರವಲ್ಲವೇ, ಅದಕ್ಕೆ ತಕ್ಕಂತೆ ಕೂಗಿದಳು.

"ಹುಟ್ದಾಗ ಮಗ ಅಂದ್ಕಂಡಿದ್ವಿ, ಈಗ ಮಗಳು. ನನಗೇನೂ ಬ್ಯಾಸ್ರಿಲ್ಲ. ಇವಳ ಅಪ್ಪ ಮಾತು ಬಿಟ್ಟಿದಾರೆ. ಅವ್ರಿಗೆ ತಿಳಿಸಿ ಹೇಳೋರು ಯಾರಾದ್ರೂ ಇದಾರಾ?"

ನಮ್ಮ ಹಿಂದೆ ಫೋನಿಗಾಗಿ ಕಾಯುತ್ತಿದ್ದ ಸಾಲು ಒಂದು ಹೆಜ್ಜೆ ಹತ್ತಿರ ಬಂತು. ಅಷ್ಟರಲ್ಲಿ ಫೋನ್ ಪೀಂ ಪೀಂ ಎಂದಿತು. ನಮ್ಮ ಬಳಿ ಚಿಲ್ಲರೆ ಮುಗಿದಿತ್ತು. ಬದುಕಿದೆ ಎಂದುಕೊಂಡೆ. ಆದರೆ ಹಿಂದೆ ನಿಂತಿದ್ದ ಗ್ಯಾರೇಜಿನ ಚಾಚಾ ತಮ್ಮ ಒಂದು ರೂಪಾಯಿ ಹಾಕಿಯೇಬಿಟ್ಟರು.

"ಇನ್ನೂ ಮಾತೈತೆ, ಅರ್ಧಕ್ಕೆ ಬಿಟ್ರೆ ಹೆಂಗಮ್ಮ?"

ಅದೂ ಮುಗಿದಾಗ ಹೂವಿನ ಅಜ್ಜಿ ಇನ್ನೊಂದು ಕೊಟ್ಟರು.

ಅಪ್ಪನ ಜೊತೆ ಮಾತಾಡಲು ಆ ಕಡೆಯವರು ಭಾನುವಾರ ಮನೆಗೇ ಬರುತ್ತಾರಂತೆ. ಊರಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರಾ ಎಂದೂ ಕೇಳಿದರಂತೆ. ಅವ್ವ ತಿರುಗಿ ಸಾಲನ್ನು ನೋಡಿದಳು.

"ಇದಾರೆ. ಕಾಯಿನ್ ಹಿಡ್ಕಂಡು ನಿಂತಿದಾರೆ."

ಎಲ್ಲವನ್ನೂ ಗುಟ್ಟಾಗಿಡುತ್ತೇವೆ ಎಂದು ಅವರು ಮಾತು ಕೊಟ್ಟಿದ್ದಾರೆ. ಹಾಗಾಗಿ ನನ್ನ ಗುಟ್ಟು ಈಗ ಬೆಂಗಳೂರಿನಲ್ಲಿ ಮಾತ್ರ ಉಳಿದಿದೆ.