ತಳಿ ಬರೆದವರೂ ಶೇಂಗಾ ಹಿಂಡಿ ಬರೆದವಳೂ

ಮಂಗಳವಾರ ನಾನು ಮಾಡಿದ ಕೆಲಸಗಳು ಇವು. ನಳ ಬಂದಾಗ ನೀರು ತುಂಬಿದೆ. ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದೆ. ಯಜಮಾನರ ಹರಿದ ಚಪ್ಪಲಿ ಹೊಲಿಯಲು ಕೊಟ್ಟು ಬಂದೆ. ಮಾಳಿಗೆ ಮೇಲೆ ಮೆಣಸಿನಕಾಯಿ ಹರವಿದೆ, ಮೋಡ ಕಂಡು ಮತ್ತೆ ಬಳಿದುಕೊಂಡು ಬಂದೆ. ಪೇಪರು ಹಿಡಿದು, ನನ್ನ ಪಕ್ಕದ ಅಂಕಣದವರಿಗೆ ಬಂದ ಓದುಗರ ಓಲೆಗಳನ್ನೆಲ್ಲ ಓದಿದೆ. ಹೊಟ್ಟೆ ಉರಿಸಿಕೊಂಡೆ.

ಕೊನೆಯದೂ ಕೆಲಸವೇ. ಮಾಡಿದವರಿಗೆ ಗೊತ್ತು.

ಪಕ್ಕದವರು ಅಂದೆನಲ್ಲ, ಅದು ತಪ್ಪು. ಮೇಲಿನವರು. ಈ ಪುಟದಲ್ಲಿ ಮಡಿಕೆಯ ಮೇಲೆ ಅವರ ಬರಹ, ಮಡಿಕೆಯ ಕೆಳಗೆ ನನ್ನದು. ಅವರದಕ್ಕೆ ಫೋಟೊ ಇದೆ, ಗದ್ದಕ್ಕೆ ಕೈ ಹಚ್ಚಿಕೊಂಡದ್ದು. ನನ್ನದಕ್ಕೆ ಒಂದು ಲಾಟೀನಿನ ಚಿತ್ರ. (ನಮ್ಮ ಮನೆಯಲ್ಲಿ ಲಾಟೀನು ಇಲ್ಲ, ಇನ್ವರ್ಟರ್ ಇದೆ. ಹೇಳಿದೆ, ಯಾರೂ ಕೇಳಲಿಲ್ಲ.) ಹೋಟೆಲಿನಲ್ಲಿ ಕೂತು ಓದುವವರು ಪುಟ ಮಡಿಚಿ ಹಿಡಿಯುತ್ತಾರೆ. ಆಗ ಮೇಲಿನವರ ಮುಖ ಚಹಾದ ಕಡೆ, ನನ್ನ ಲಾಟೀನು ತೊಡೆಯ ಕಡೆ.

ಎರಡು ವಾರದ ಹಿಂದೆ ಮೇಲಿನವರು ‘ತಳಿ ಕಾಯೋಣ’ ಅಂತ ಬರೆದರು. ಮುಧೋಳ ನಾಯಿಗೆ ತಳಿ ಇದ್ದ ಹಾಗೆ ಮನುಷ್ಯರಿಗೂ ಇದೆಯಂತೆ. ಕೆಲವರ ರಕ್ತ ಓಡಲಿಕ್ಕೆ, ಹೊರಲಿಕ್ಕೆ. ಕೆಲವರ ರಕ್ತ ವಿಚಾರ ಮಾಡಲಿಕ್ಕೆ. ಆಫ್ರಿಕಾ ಮೂಲದವರನ್ನು ನೋಡಿದರೆ ತಿಳಿಯುವುದಿಲ್ಲವೇ, ಅಂತ ಪ್ರಶ್ನೆ ಬೇರೆ. (ವಿಚಾರ ಮಾಡುವ ರಕ್ತ ಯಾರದು ಅಂತ ಬರೆದಿರಲಿಲ್ಲ. ಗದ್ದಕ್ಕೆ ಹಚ್ಚಿದ ಕೈ ಹೇಳುತ್ತಿತ್ತು.)

ಓದಿ ನನಗೆ ಸಿಟ್ಟು ಬರಬೇಕಿತ್ತು. ಬಂತು, ಆದರೆ ಅದಕ್ಕಿಂತ ಮೊದಲು ಮತ್ಸರ ಬಂತು. ಯಾಕೆ ಅಂತೀರಾ? ಹೊಗಳಿ ಓಲೆ, ಬೈದು ಓಲೆ, ಹೊಗಳಿದವರನ್ನು ಬೈದು ಓಲೆ. ಜಮಖಂಡಿಯಲ್ಲಿ ಕೆಲವರು ಆ ಪುಟವನ್ನು ಸುಟ್ಟರು. ಸುಡುವಾಗ ಕೆಳಗಿನ ಅರ್ಧವೂ ಸುಟ್ಟಿತು. ಅದರಲ್ಲಿ ನನ್ನ ಶೇಂಗಾ ಹಿಂಡಿಯ ಬರಹ ಇತ್ತು. ಅಯ್ಯೋ ಅಂದವರು ಒಬ್ಬರೂ ಇಲ್ಲ!

ಮುಧೋಳ ಕಡೆಯ ಒಬ್ಬ ಓದುಗರಂತೂ ಪತ್ರಿಕೆಗೆ ಫೋನ್ ಮಾಡಿ, “ತಳಿ ಬಗ್ಗೆ ಭಾಳ ಛಲೋ ಬರದಾರ್ರೀ. ಅವರು ಮರಿ ಎಷ್ಟಕ್ಕ ಕೊಡ್ತಾರ?” ಅಂತ ಕೇಳಿದರಂತೆ. ತಲೆಬರಹ ಅಷ್ಟೇ ಓದಿದ್ದರು ಪಾಪ. ನಮ್ಮ ಕಡೆ ತಳಿ ಅಂದರೆ ನಾಯಿಯೇ. ಆ ಫೋನನ್ನೂ ‘ಭಾರಿ ಪ್ರತಿಕ್ರಿಯೆ’ಯ ಲೆಕ್ಕಕ್ಕೆ ಹಿಡಿದರು. ನನಗೆ ನಾಯಿ ಮರಿ ಕೇಳುವವರೂ ಇಲ್ಲ.

ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು ಇರುತ್ತದೆ, ನೋಡಿದ್ದೀರಾ? ‘ಲೇಖಕರ ಅಭಿಪ್ರಾಯಕ್ಕೆ ಪತ್ರಿಕೆ ಹೊಣೆಯಲ್ಲ.’ ಹಿಂಡಿಗೆ ಬೆಳ್ಳುಳ್ಳಿ ಬೀಳಲೇಬೇಕು ಅನ್ನುವ ನನ್ನ ಅಭಿಪ್ರಾಯಕ್ಕೂ ಪತ್ರಿಕೆ ಹೊಣೆಯಲ್ಲ. ಇರಲಿ. ಆದರೆ ಒಮ್ಮೆ ನನ್ನ ಬರಹದಿಂದ ‘ಮೂಲವ್ಯಾಧಿ’ ಅನ್ನುವ ಶಬ್ದವನ್ನು ತೆಗೆದಿದ್ದರು. ಓದುಗರಿಗೆ ಮುಜುಗರ ಆಗುತ್ತದಂತೆ. ಮೂಲವ್ಯಾಧಿ ದಾಟದ ಹೊಸ್ತಿಲನ್ನು ತಳಿ ಹೆಂಗ ದಾಟಿತು?

ಮತ್ತೆ ಮಂಗಳವಾರಕ್ಕೆ ಬರುತ್ತೇನೆ. ನಮ್ಮ ಮೇಲಿನ ಕೋಣೆಯಲ್ಲಿ ಗಿರಿಜಾ ಬಾಡಿಗೆಗೆ ಇದ್ದಾಳೆ. (ಹೆಸರು ಬದಲಿಸಿದ್ದೇನೆ. ಈ ಹೆಸರು ಅವಳೇ ಆರಿಸಿಕೊಂಡದ್ದು.) ಸಾಲಿಯಲ್ಲಿ ಪಿ.ಟಿ. ಟೀಚರ್. ಹುಡುಗಿಯರ ಖೋಖೋ ತಂಡ ಕಟ್ಟಿದ್ದಾಳೆ. ಸಿದ್ದಿಯರ ಮಗಳು. ಅವರ ಹಿರೀಕರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು. ಇವಳು ಬಂದದ್ದು ಹಳಿಯಾಳದಿಂದ, ಬಸ್ಸಿನಲ್ಲಿ.

ಮಧ್ಯಾಹ್ನ ಇಳಿದು ಬಂದು, “ಕಾಕು, ಹಳೇ ಪೇಪರ್ ಅದಾವೇನ್ರಿ?” ಅಂದಳು.

ನನ್ನ ಎದೆ ಅರಳಿತು. ಮನೆಯಲ್ಲೇ ಓದುವವಳು ಒಬ್ಬಳು! ಲಾಟೀನು ಇರುವ ಪುಟಗಳನ್ನೇ ಹುಡುಕಿ, ಮೇಲೆ ಕಾಣುವ ಹಾಗೆ ಮಡಿಚಿ ಕೊಟ್ಟೆ. “ನಿಧಾನಕ್ಕ ಓದವಾ” ಅಂದೆ. ಅವಳು ಒಂದು ಥರ ನೋಡಿ ಹೋದಳು.

ಸಂಜೆ ಸಂಪಾದಕರ ಫೋನು ಬಂತು. ವಯಸ್ಸಿನಲ್ಲಿ ಚಿಕ್ಕವರು, ನನಗೆ ಅಕ್ಕಾರ ಅಂತಾರೆ.

“ಅಕ್ಕಾರ, ನಿಮ್ಮ ಮನ್ಯಾಗ ಸಿದ್ದಿ ಹುಡುಗಿ ಬಾಡಿಗಿ ಅದಾಳಂತಲ್ಲ? ಮೊದಲ ಯಾಕ ಹೇಳ್ಲಿಲ್ಲರಿ?”

“ನೀವು ಬಾಡಿಗಿ ಕೇಳಿದ್ದಿಲ್ಲಲ್ಲ.”

“ಚ್ಯಾಷ್ಟಿ ಬಿಡ್ರಿ. ತಳಿಗೆ ಉತ್ತರ ನೀವ ಬರೀರಿ. ಹುಡುಗಿ ಫೋಟೊ ಇರ್ಲಿ. ಓದಿ ಹೆಂಗ ಅತ್ತಳು, ಅದನ್ನ ಬರೀರಿ. ಈ ಸಲ ಮ್ಯಾಲಿನ ಅರ್ಧ ಪುಟ ನಿಮಗ.”

ಮೇಲಿನ ಅರ್ಧ! ಗದ್ದಕ್ಕೆ ಕೈ ಹಚ್ಚಿಕೊಂಡು ನಾನು ಹೆಂಗ ಕಾಣುತ್ತೇನೆ ಅಂತ ಕನ್ನಡಿಯಲ್ಲಿ ನೋಡಿಕೊಂಡೆ. (ಹಲ್ಲುನೋವಿನವಳ ಹಾಗೆ.) ಒಂದು ಬಟ್ಟಲಲ್ಲಿ ಹಿಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಕೇಳುವ ಕೆಲಸಕ್ಕೆ ಬರಿಗೈಯಲ್ಲಿ ಹೋಗಬಾರದು ನೋಡ್ರಿ.

ಗಿರಿಜಾ ನೆಲದ ಮೇಲೆ ಕೂತು ತಾಟು, ವಾಟಿ, ತಂಬಿಗೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಲಾಟೀನು ತಂಬಿಗೆಯ ಹೊಟ್ಟೆಗೆ ಬಿಗಿದಿತ್ತು. ಬ್ಯಾಗು ಅರ್ಧ ತುಂಬಿತ್ತು.

“ಮನಿ ಬಿಡ್ತೀಯೇನವಾ?”

“ಊರ ಬಿಡ್ತೀನ್ರಿ ಕಾಕು.”

ಆಮೇಲೆ ತಾಟು ಸುತ್ತುತ್ತಲೇ ಹೇಳಿದಳು. ತಂಡದ ಇಬ್ಬರು ಹುಡುಗಿಯರು ಆಟ ಬಿಟ್ಟಿದ್ದಾರೆ. ‘ಓಡೋದು ಅವರ ರಕ್ತ, ನಮ್ಮದಲ್ಲ’ ಅಂತ ಒಬ್ಬಳ ಅಪ್ಪ ಪೇಪರು ತೋರಿಸಿ ಹೇಳಿದನಂತೆ. ಅದನ್ನಾದರೂ ತಡೆದುಕೊಂಡಿದ್ದಳು. ಆದರೆ ಅವತ್ತು ಮುಂಜಾನೆ, ಮೈದಾನದಲ್ಲಿ, ಎಲ್ಲರಿಗಿಂತ ಸಣ್ಣ ಹುಡುಗಿ ಬಂದು ಕೇಳಿದಳಂತೆ: “ಟೀಚರ್, ನಿಮ್ದು ಯಾವ ತಳಿರಿ?”

“ಆ ಕೂಸು ಚ್ಯಾಷ್ಟಿ ಮಾಡ್ಲಿಲ್ಲರಿ. ಅವರ ಮನ್ಯಾಗ ಮುಧೋಳ ನಾಯಿ ಅದಾವ. ಬಂದವರೆಲ್ಲ ಯಾವ ತಳಿ ಅಂತ ಕೇಳ್ತಾರ. ಹಂಗ ನನಗೂ ಕೇಳಿತು, ಪ್ರೀತೀಲೆ. ಬೈಯ್ಯಾಕೂ ಬರಲಿಲ್ಲ ನನಗ. ಸುಮ್ನ ಸೀಟಿ ಊದಿ ಬಂದೆ.”

ನನ್ನ ತಲೆಯಲ್ಲಿ ಮೇಲಿನ ಅರ್ಧ ಪುಟ ಕೂತಿತ್ತು. ಸಂಪಾದಕರು ಅಂದದ್ದನ್ನು ಅಂದ ಹಾಗೇ ಅಂದುಬಿಟ್ಟೆ. ಫೋಟೊ, ಅಳು, ಎಲ್ಲ.

“ನಾ ಅಳಬೇಕಂತೇನ್ರಿ ಅವರಿಗೆ?”

“ಹೂಂ.”

“ಬೈದವರದೂ ಅವರ ಛಾಪಸ್ತಾರ, ಬೈಸಿಕೊಂಡವರದೂ ಅವರ ಛಾಪಸ್ತಾರ. ನೀವೂ ಅದಕ್ಕ ಬಂದೀರಿ.”

ಹಿಂಡಿಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಇಳಿದು ಹೋಗಲಿಕ್ಕೂ ಆಗಲಿಲ್ಲ, ಕೂಡಲಿಕ್ಕೂ ಆಗಲಿಲ್ಲ. ಬೇರೆ ಏನೂ ತೋಚದೆ, ಮುಧೋಳದವರು ಮರಿ ಕೇಳಿದ ಕಥೆ ಹೇಳಿದೆ. ಗಿರಿಜಾ ಸುತ್ತುವುದನ್ನು ನಿಲ್ಲಿಸಿದಳು. “ಮರೀನ?” ಅಂದಳು. ಆಮೇಲೆ ನಕ್ಕಳು ನೋಡ್ರಿ, ತಂಬಿಗೆ ಉರುಳಿ ಲಾಟೀನು ಬಿಚ್ಚಿಕೊಂಡಿತು.

ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡಳು. (ಸಂಪಾದಕರೇ, ಅದು ನಗುವಿನ ನೀರು.)

“ಆ ಕೂಸಿಗೆ ನಾ ಉತ್ತರ ಕೊಟ್ಟಿಲ್ಲರಿ ಕಾಕು. ಕೊಡದ ಹ್ವಾದ್ರ, ಅದು ಇನ್ನ ಯಾರಿಗಾರ ಹಂಗ ಕೇಳ್ತೈತಿ.”

“ಏನಂತ ಕೊಡ್ತಿ?”

“ನಾಯಿಗೆ ತಳಿ ಕೇಳ್ತಾರ, ಟೀಚರ್‌ಗೆ ಹೆಸರು ಕೇಳ್ತಾರ. ಎರಡು ಸುತ್ತು ಓಡು, ಅಂತ.”

ನಾನು ಎದ್ದಾಗ ಅವಳೇ ತಡೆದಳು. “ಬರೀರಿ. ಫೋಟೊ ಬ್ಯಾಡ. ಅತ್ತೀನಿ ಅಂತ ಬರೀಬ್ಯಾಡ್ರಿ. ಸಿಟ್ಟಾಗೀನಿ ಅಂತ ಬರೀರಿ.”

ಬರೆದಿದ್ದೇನೆ. ಗಿರಿಜಾ ಸಿಟ್ಟಾಗಿದ್ದಾಳೆ.

ಕೆಳಗೆ ಬಂದು ಸಂಪಾದಕರಿಗೆ ಫೋನು ಹಚ್ಚಿದೆ.

“ಫೋಟೊ ಇಲ್ಲೇನ್ರಿ ಅಕ್ಕಾರ?”

“ಇಲ್ಲ.”

“ಅಳು?”

“ಸಿಟ್ಟೈತಿ.”

“ಸಿಟ್ಟಿನ ಓಲೆ ನಮಗ ಭಾಳ ಬಂದಾವ್ರಿ. ಹಂಗಾರ ನೀವು ಕೆಳಗ ಇರ್ರಿ. ಮ್ಯಾಲ ಅವರದ ಬರ್ತೈತಿ, ‘ತಳಿ: ಭಾಗ ಎರಡು’.”

ಭಾಗ ಎರಡು! ಇಷ್ಟು ವರ್ಷ ಬರೆದಿದ್ದೇನೆ, ನನ್ನ ಯಾವ ಬರಹಕ್ಕಾದರೂ ಭಾಗ ಎರಡು ಕೇಳಿದ್ದಾರೆಯೇ? ಹಿಂಡಿಗೆ? ಹಪ್ಪಳಕ್ಕೆ? ನಿಜ ಹೇಳುತ್ತೇನೆ, ಅಷ್ಟೆಲ್ಲ ಆದ ಮೇಲೂ ಮತ್ತೊಮ್ಮೆ ಹೊಟ್ಟೆ ಉರಿಸಿಕೊಂಡೆ. ಒಳ್ಳೆಯ ಕೆಲಸ ಮಾಡಿದರೆ ಮತ್ಸರ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರಾತ್ರಿ ಗಿರಿಜಾ ಪೇಪರಿನಿಂದ ತನ್ನ ತಾಟು ಬಿಚ್ಚಿಕೊಂಡು ನಮ್ಮ ಜೊತೆ ಉಣ್ಣಲು ಇಳಿದು ಬಂದಳು. ರೊಟ್ಟಿ, ಝುಣಕ, ಮೊಸರು, ಹಿಂಡಿ. “ಬಳ್ಳೊಳ್ಳಿ ಜಾಸ್ತಿ ಆಗೇತ್ರಿ ಕಾಕು” ಅಂದಳು. (ಅವಳ ಅಭಿಪ್ರಾಯಕ್ಕೆ ನಾನು ಹೊಣೆಯಲ್ಲ.) ಮುಂಜಾನೆ ಲಗೂ ಮೈದಾನಕ್ಕೆ ಹೋಗಬೇಕು ಅಂತ ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು. ಆಮೇಲೆ ಯಜಮಾನರು. ನಾನು ಮೇಲಿನವರಿಗೆ ಬಂದ ಓಲೆಗಳ ಪುಟ ಹಿಡಿದು ಇನ್ನೂ ಕೂತಿದ್ದೆ.

ಈಗ ಮಡಿಕೆ ಬಿಚ್ಚಿ ಖರೆ ಹೇಳ್ರಿ, ಈ ವಾರ ನಿಮ್ಮ ಓಲೆ ಮೇಲಿನವರಿಗೋ, ಕೆಳಗಿನವಳಿಗೋ?